ಭುಜಬಲರಾಯನ ಹನ್ನೆರಡು ದೀಪ

"ಕೇಳ್ರಪ್ಪೋ ಕೇಳ್ರಿ! ಮಹಾರಾಜ ಭುಜಬಲರಾಯರ ಹುಟ್ಟುಹಬ್ಬದ ದಿನ ನಾಟಕಶಾಲೆಯ ಹನ್ನೆರಡು ತಿರುಗುವ ದೀಪಗಳು ಕೆಟ್ಟು ಅವರ ಮರ್ಯಾದೆ ತೆಗೆದಿವೆ. ದೀಪಗಾರ ಗಾದಿಲಿಂಗ ಸೆರೆಯಲ್ಲಿದ್ದಾನೆ. ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪು ಹೇಳಿದವರಿಗೆ ಶೂಲ. ಶುಕ್ರವಾರದೊಳಗೆ ಯಾರೂ ಬಿಡಿಸದಿದ್ದರೆ ಗಾದಿಲಿಂಗನಿಗೆ ಶೂಲ!"

ಹಿಂದೆಲ್ಲ ಇಂಥ ಡಂಗುರದಲ್ಲಿ ಅರ್ಧ ರಾಜ್ಯ ಕೊಡುತ್ತಿದ್ದರು. ಕೊಟ್ಟು ಕೊಟ್ಟು ರಾಜ್ಯ ಒಂದು ಹೋಬಳಿಯಷ್ಟಾದ ಮೇಲೆ ಆ ಪದ್ಧತಿ ನಿಂತಿತು.

ಗಾದಿಲಿಂಗನ ತಮ್ಮ ಕೊಟ್ರ ಅದೇ ನಾಟಕಶಾಲೆಯಲ್ಲಿ ವೈರಿನ ಸುರುಳಿ ಹೊರುವವನು. ಡಂಗುರ ಕೇಳಿ ಹೆಗಲ ಮೇಲಿದ್ದ ಸುರುಳಿಯನ್ನು ನೆಲಕ್ಕೆ ಬಡಿದ. ಆ ದೀಪಗಳ ತೊಂದರೆ ಕುರಿತು ಅಣ್ಣ ಮೂರು ಅರ್ಜಿ ಬರೆದಿದ್ದ. ಮೂರನ್ನೂ ಉಗ್ರಾಣದ ಮಂತ್ರಿ "ಭಾಷೆಯಲ್ಲಿ ವಿನಯ ಸಾಲದು" ಎಂದು ಹಿಂದಕ್ಕೆ ಕಳಿಸಿದ್ದ.

ಶುಕ್ರವಾರ ಬೆಳಿಗ್ಗೆ ಆಸ್ಥಾನ ತುಂಬಿತ್ತು. ರಾಜ ಮೊದಲ ಒಗಟು ಹೇಳಿದ: "ಸಾಲಿನ ಕೊನೆಯ ದೀಪಕ್ಕೆ ರೋಗ, ಮಿಣುಕಿ ಮಿಣುಕಿ ಸಾಯುತ್ತದೆ. ಅದನ್ನು ಸಾಲಿನ ಮೊದಲಿಗೆ ತಂದರೆ ಗುಣವಾಗುತ್ತದೆ. ಮೊದಲಿನದನ್ನು ಕೊನೆಗೆ ಒಯ್ದರೆ ರೋಗ ಅದಕ್ಕೆ ಬರುತ್ತದೆ. ರೋಗಿ ಯಾರು?"

ಆಸ್ಥಾನದ ಜೋಯಿಸರು ಕವಡೆ ಹಾಕಿ, ಆ ಮೂಲೆಯಲ್ಲಿ ಶನಿ ಇದ್ದಾನೆ ಎಂದರು. ಅವರನ್ನು ಹೊರಗೆ ಒಯ್ದರು. ಇವತ್ತು ತಮ್ಮ ಜಾತಕದಲ್ಲಿ ಲಾಭವಿದೆ ಎಂದು ಅವರು ಬಾಗಿಲವರೆಗೂ ವಾದಿಸಿದರು. ಪರದೇಶದಲ್ಲಿ ಓದಿ ಬಂದ ಇಂಜಿನಿಯರು, ಹನ್ನೆರಡನ್ನೂ ಎಸೆದು ಹೊಸದಾಗಿ ಇಪ್ಪತ್ನಾಲ್ಕು ಕೊಳ್ಳಬೇಕು ಎಂದ. ಅವನನ್ನೂ ಒಯ್ದರು.

ಕೊಟ್ರ ಮುಂದೆ ಬಂದ. ಬಗ್ಗಲಿಲ್ಲ.

"ಎಲವೋ, ನಮಸ್ಕಾರ ಎಲ್ಲಿ?" ಎಂದ ಮಂತ್ರಿ.

"ನಮ್ಮಣ್ಣ ಹೊರಗ ಬಂದಮ್ಯಾಲೆ ಮಾಡ್ತೀನಿ. ಮಹಾಸ್ವಾಮಿ, ದೀಪಕ್ಕ ಯಾವ ರೋಗಾನೂ ಇಲ್ಲ. ರೋಗ ವೈರಿಗೆ. ನೂರು ಮಾರು ಉದ್ದ, ಅದೂ ಮನಿ ಬಲ್ಬಿಗೆ ಹಾಕೋ ಸಣ್ಣ ವೈರು. ಒಂದರ ಬೆನ್ನಿಗೆ ಒಂದು ಹನ್ನೆರಡು ದೀಪ ಅದರಾಗೇ ಉಣಬೇಕು. ಕೊನೀದರ ಪಾಳಿ ಬರೋದ್ರಾಗ ವೋಲ್ಟೇಜೇ ಉಳಿದಿರಂಗಿಲ್ಲ. ದಪ್ಪ ವೈರು ಕೊಡ್ರಿ ಅಂತ ಅಣ್ಣ ಬರೆದಿದ್ದ. ಸಣ್ಣದು ಕೊಂಡವ್ರು ಇಲ್ಲೇ ನಿಂತಾರ."

ಮಂತ್ರಿ ಛಾವಣಿಯ ಕೆತ್ತನೆ ನೋಡತೊಡಗಿದ.

"ಎರಡನೆಯದು," ಎಂದ ರಾಜ. "ಹಗಲು ತಾಲೀಮಿನಲ್ಲಿ ದೀಪಗಳು ಹೇಳಿದ ಹಾಗೆ ಕೇಳುತ್ತವೆ. ಸಂಜೆ ಹೇಗೋ ಹೊತ್ತಿಸಿದರೂ ನಾನು ಬಂದು ಕುಳಿತ ಹತ್ತು ನಿಮಿಷಕ್ಕೆ ಕತ್ತು ಒದರಿ, ಆರಿ, ಮತ್ತೆ ಹೊತ್ತಿ, ಗೋಡೆಯ ಕಡೆ ಮುಖ ತಿರುಗಿಸುತ್ತವೆ. ನನ್ನಲ್ಲಿ ಏನು ಕಂಡು?"

"ನಿಮ್ಮನ್ನ ಕಂಡಲ್ಲ, ನಿಮ್ಮ ಆಸನದ ಹಿಂದಿನ ಎರಡು ಏಸಿ. ಅವನ್ನೂ ರಂಗದ ಲೈನಿಗೇ ಚುಚ್ಚ್ಯಾರ. ಅವು ಎಳದಾಗೆಲ್ಲ ವೋಲ್ಟೇಜ್ ಕುಸೀತೈತಿ. ತಿರುಗೋ ದೀಪಕ್ಕ ಹೊಟ್ಟ್ಯಾಗ ಮೋಟರು, ತಲ್ಯಾಗ ಒಂದಿಷ್ಟು ಬುದ್ಧಿ ಇರ್ತೈತಿ. ಕರೆಂಟು ಸಾಲದಾದ್ರ ಬುದ್ಧಿ ತಪ್ಪಿ ಮೊದಲಿಂದ ಶುರು ಮಾಡ್ತೈತಿ. ನಿಮಗ ತಂಪಾಗಲಿ ಅಂತ ನಮ್ಮಣ್ಣ ಸೆರ್ಯಾಗ ಕುಂತಾನ."

ರಾಜನ ಮುಖ ಕೆಂಪಾಯಿತು. "ಮೂರನೆಯದು. ಒಂದೊಂದಾಗಿ ಎಬ್ಬಿಸಿದರೆ ಹನ್ನೆರಡೂ ಏಳುತ್ತವೆ. ಒಟ್ಟಿಗೆ ಎಬ್ಬಿಸಿದರೆ ಮೇನ್ ಸ್ವಿಚ್ಚೇ ಬಿದ್ದು ಒಂದೂ ಏಳುವುದಿಲ್ಲ. ದ್ರೋಹಿ ಯಾರು? ಹೆಸರು ಹೇಳು."

ರಾಜ ಒಳಗೆ ಬಂದು ಬಹುಪರಾಕ್ ಮೊಳಗಿದ ಕೂಡಲೇ ಜನ, ಕುದುರೆ, ದೀಪ ಎಲ್ಲವೂ ಒಂದೇ ಸಲಕ್ಕೆ ಏಳಬೇಕು. ಎಲ್ಲ ಎದ್ದ ಮೇಲೆಯೇ ರಾಜ ಕೂರುವುದು. ಅದು ಏಳು ತಲೆಮಾರಿನ ಪದ್ಧತಿ. ಉತ್ತರ ತಪ್ಪಾದರೆ ಶೂಲ. ಸರಿಯಾದರೆ ರಾಜದ್ರೋಹ, ಅದಕ್ಕೂ ಶೂಲ. ಕೊಟ್ರನಿಗೆ ಇದು ಗೊತ್ತಿತ್ತು. ಅಣ್ಣನ ಮೂರು ಅರ್ಜಿಯೂ ನೆನಪಿತ್ತು.

"ದ್ರೋಹಿ ನಿಮ್ಮ ಬಹುಪರಾಕು," ಎಂದ. "ಆರಿದ ದೀಪ ಏಳೋ ಗಳಿಗ್ಯಾಗ ಒಂದೊಂದೂ ಹತ್ತು ದೀಪದ ಕರೆಂಟು ನುಂಗತೈತಿ. ಕಣ್ಣು ಮುಚ್ಚಿ ತೆಗೆಯೋದ್ರಾಗ ಸುಮ್ಮನಾಗ್ತೈತಿ. ಹನ್ನೆರಡೂ ಒಮ್ಮೆಲೇ ನುಂಗಿದ್ರ ಸ್ವಿಚ್ಚು ಬೀಳದೆ ಏನ್ ಮಾಡ್ಬೇಕು? ಅದು ಬೀಳದಿದ್ರ ನಾಟಕಶಾಲೆಗೆ ಬೆಂಕಿ ಬೀಳ್ತಿತ್ತು. ಇಡೀ ಅರಮನ್ಯಾಗ ತಮ್ಮ ಕೆಲಸ ಮಾಡಿದ್ದು ಎರಡೇ, ಆ ಸ್ವಿಚ್ಚು ಮತ್ತ ನಮ್ಮಣ್ಣ. ಸ್ವಿಚ್ಚನ್ನ ಸೆರಿಗೆ ಹಾಕಿಲ್ಲ, ಪುಣ್ಯ. ಸುಳ್ಳು ಅನ್ನಿಸಿದ್ರ ಈಗಲೇ ಪರೀಕ್ಷೆ ಮಾಡ್ರಿ."

ಮಾಡಿದರು. ಏಸಿಯನ್ನು ಬೇರೆ ಲೈನಿಗೆ ಕೊಡಲು ಬೇರೆ ಲೈನೇ ಇರಲಿಲ್ಲ, ಕಿತ್ತು ಹಾಕಿದರು. ದಪ್ಪ ವೈರಿನ ಸುರುಳಿಗಳನ್ನು ಪೇಟೆಯಿಂದ ಮಂತ್ರಿಯೇ ಹೊತ್ತು ತಂದ, ಅದು ರಾಜಾಜ್ಞೆ. ಒಂದೊಂದಾಗಿ ಹಚ್ಚಿದ ಹನ್ನೆರಡು ದೀಪ ಮಧ್ಯಾಹ್ನವೆಲ್ಲ ಕತ್ತು ಒದರದೆ ತಿರುಗಿದವು.

"ಏನು ಬೇಕು?" ಎಂದ ರಾಜ, ಹಲ್ಲು ಕಚ್ಚಿ.

"ನಮ್ಮಣ್ಣ. ಮತ್ತ ದೀಪದ ಸ್ವಿಚ್ಚುಗಳ ಮ್ಯಾಲೆ ಅವನ ಮಾತಿಗೆ ಎದುರು ಮಾತು ಇರಬಾರದು. ನಿಮ್ಮದೂ."

ಆ ಸಂಜೆಯೇ ನಾಟಕ. ಬಹುಪರಾಕ್ ಮೊಳಗಿತು, ಜನ ಎದ್ದರು, ಕುದುರೆಗಳು ಎದ್ದವು. ರಾಜ ಕತ್ತಲಲ್ಲಿ ಬೆವರುತ್ತ ನಿಂತ. ಗಾದಿಲಿಂಗ ಮೊದಲ ದೀಪ ಹಚ್ಚಿ ಎಣಿಸತೊಡಗಿದ.

ಕೊಟ್ರ ಅವನ ಕಿವಿಯಲ್ಲಿ ಕೇಳಿದ: "ಅಣ್ಣ, ಎರಡು ಎಣಿಸಿ ಮುಂದಿನದು ಹಚ್ಚಿದ್ರ ಸಾಕಲ್ಲ?"

"ಸಾಕು," ಎಂದ ಗಾದಿಲಿಂಗ. "ಹದಿನೇಳು... ಹದಿನೆಂಟು..."