ನೊಣದ ಬಾಟಲಿಯ ನ್ಯಾಯ

ನೀಲವ್ವ ನೊಣ ಹಿಡಿಯಲೆಂದು ಅಡಿಗೆಮನೆಯ ಬಾಗಿಲಿಗೆ ಬೆಲ್ಲದ ನೀರಿನ ಬಾಟಲಿಯೊಂದನ್ನು ತೂಗುಹಾಕಿದ್ದಳು. ಬಾಟಲಿ ದಿನವೂ ಕೊರಳಮಟ ನೊಣ ಹಿಡಿಯಿತು. ಆದರೂ ತೊಟ್ಟಿಲ ಕೂಸಿನ ತುಟಿಗೆ ನೊಣ ಮುತ್ತುವುದು ನಿಲ್ಲಲಿಲ್ಲ.

“ದಂಡಪಿಂಡ,” ಎಂದು ನೀಲವ್ವ ಬಾಟಲಿಯನ್ನು ಬೈದಳು.

ಬಾಟಲಿಗೆ ಮೈಯೆಲ್ಲ ಉರಿಯಿತು. ಬಾಗಿಲ ಪಕ್ಕದ ತಿಪ್ಪೆಗೆ ಹೇಳಿತು: “ನಾನು ನೂರು ಹಿಡಿದರೆ ನೀನು ಸಾವಿರ ಹೆರುತ್ತೀ. ಬೈಗುಳ ಮಾತ್ರ ನನಗೆ. ಇದು ಯಾವ ನ್ಯಾಯ?”

“ನಾನೇನು ನಡೆದು ಬಂದು ಇಲ್ಲಿ ಕೂತೆನೇ? ಹೊಲದತನಕ ಹೊರಲು ಬೇಸರವೆಂದು ಸುರಿದವಳನ್ನು ಕೇಳು,” ಎಂದಿತು ತಿಪ್ಪೆ.

ಬಾಟಲಿ ಕೇಳಿಯೇಬಿಟ್ಟಿತು: “ಅವ್ವಾ, ಮೊದಲು ತಿಪ್ಪೆಯನ್ನು ಹೊಲಕ್ಕೆ ಸಾಗಿಸಬಾರದೇ?”

“ಕೆಲಸ ಬಾರದ್ದು ನನಗೇ ಬುದ್ಧಿ ಹೇಳುತ್ತದೆ,” ಎಂದು ನೀಲವ್ವ ಅದನ್ನು ಬಿಚ್ಚಿ ತಿಪ್ಪೆಗೆಸೆದಳು. ಅದರ ಮೇಲೆ ಒಂದು ಬುಟ್ಟಿ ಸಗಣಿ ಸುರಿದು, ಬಾಗಿಲಿಗೆ ಇನ್ನೂ ದೊಡ್ಡ ಬಾಟಲಿ ಕಟ್ಟಿದಳು.