ಅವ್ವ ಹಾಕಿದ ಜಡೆ

ಈ ಕಥೆಯ ಒಂದೊಂದು ಅಕ್ಷರವೂ ನಿಜ. ಸುಳ್ಳಾದರೆ ನನ್ನ ಮೀಸೆಯ ಅರ್ಧ ಬೋಳಿಸಿ. ಯಾವ ಅರ್ಧ ಎಂಬುದನ್ನೂ ನೀವೇ ಆರಿಸಿಕೊಳ್ಳಿ. ಸುತ್ತ ಏಳೂರಲ್ಲಿ ಇಂಥ ಮೀಸೆ ಇನ್ನೊಂದಿಲ್ಲ, ಆದರೂ ಹೇಳುತ್ತಿದ್ದೇನೆ ಅಂದರೆ ನೋಡಿ.

ಹೊಳೆ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಮರುಳಯ್ಯ ಎಂಬ ಗುರು. ಅವರ ಗುಂಗುರು ಗಡ್ಡ ಎಷ್ಟು ದಟ್ಟವೆಂದರೆ, ಸೋಮವಾರ ಬಿದ್ದ ಮಳೆ ಒಳಗಿನ ಗದ್ದ ಮುಟ್ಟುವಾಗ ಬುಧವಾರ ಆಗಿರುತ್ತಿತ್ತು.

ಶಿಷ್ಯ ದ್ಯಾವಣ್ಣ ಹರಿಗೋಲು ನಡೆಸುವವನು. ಏಳು ವರ್ಷದಿಂದ ದಿನಾ ಬೆಳಿಗ್ಗೆ ಗುರುಗಳೆದುರು ಸ್ವಲ್ಪ ಹೊತ್ತು ಕೂತೇ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ಮಲ್ಲವ್ವ ತೀರಿಕೊಂಡ ಮೇಲೆ ಎರಡು ತಿಂಗಳು ಆ ಕಡೆ ಸುಳಿದಿರಲಿಲ್ಲ.

ಒಂದು ಬೆಳಿಗ್ಗೆ ಒಂಬತ್ತು ವರ್ಷದ ಮಗಳು ನೀಲಿಯನ್ನು ಕರೆದುಕೊಂಡು ಬಂದ. ಹುಡುಗಿಯ ಗುಂಗುರು ಕೂದಲು ಗಂಟುಗಟ್ಟಿ ಒಂದೇ ಮುದ್ದೆಯಾಗಿತ್ತು. ಆ ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಸೋಮವಾರ ಇವಳ ಮುಡಿ ಕೊಡ್ತೀನಿ ಅಜ್ಜಾರೆ. ಮನೆದೇವ್ರಿಗೆ ಹರಕೆ. ಆಶೀರ್ವಾದ ಮಾಡ್ರಿ."

"ಹರಕೆ ಯಾವಾಗ ಹೊತ್ತೆ?"

"ಮೊನ್ನೆ."

"ಮೊನ್ನೆ ಏನಾಯ್ತು?"

ದ್ಯಾವಣ್ಣ ತಲೆ ತಗ್ಗಿಸಿದ. "ಬಾಚಣಿಗೆ ಮುರೀತು."

"ಒಂದೇನಾ?"

"ಮೂರು. ಮುಟ್ಟಿದ್ರೆ ಕಿರುಚ್ತಾಳೆ. ಬುಡದಾಗೆ ಹುಣ್ಣಾಗೈತೆ, ರಾತ್ರಿಯೆಲ್ಲ ಕೆರ್ಕೋತಾಳೆ. ಬೋಳಿಸಿದ್ರೆ ಅವಳಿಗೂ ಸುಖ, ನಂಗೂ ಸುಖ."

ಗುರುಗಳು ಗಡ್ಡವನ್ನು ಮುಂದೆ ಚಾಚಿದರು. "ಇದನ್ನ ಬಿಡಿಸು, ನೋಡೋಣ."

ದ್ಯಾವಣ್ಣ ಹುಟ್ಟು ಹಾಕುವ ಕೈಯವನು. ಬೆರಳು ತೂರಿಸಿ ಒಂದೇ ಸಲ ಎಳೆದ.

ಗುರುಗಳು ಕೂಗಿದ ಕೂಗಿಗೆ ಆಚೆ ದಡದ ಎಮ್ಮೆಗಳು ಈಚೆ ದಡಕ್ಕೆ ಬಂದುಬಿಟ್ಟವು.

ನೀಲಿ ಕಿಸಕ್ಕನೆ ನಕ್ಕಳು. ಎರಡು ತಿಂಗಳಲ್ಲಿ ಅದೇ ಮೊದಲು.

"ಹಂಗಲ್ಲಪ್ಪಾ! ಅವ್ವ ಹಂಗೆ ಎಳೀತಿರಲಿಲ್ಲ."

"ಮತ್ತೆ ಹೆಂಗೆ ಮಾಡ್ತಿದ್ಲು ನಿಮ್ಮವ್ವ?" ಎಂದರು ಗುರುಗಳು. "ಈ ದಡ್ಡನಿಗೆ ತೋರ್ಸು."

ಹುಡುಗಿ ಬಂದು ಗಡ್ಡಕ್ಕೆ ನೀರು ಚಿಮುಕಿಸಿದಳು. ಗಂಟಿನ ಮೇಲುಗಡೆ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದಳು. ಇನ್ನೊಂದು ಕೈಯ ಬೆರಳಿಂದ ತುದಿಯ ಎಳೆ ಒಂದೊಂದೇ ಬಿಡಿಸಿದಳು.

"ಮೇಲೆ ಹಿಡ್ಕಂಡ್ರೆ ಎಳೆತ ನಮ್ಮ ಕೈಗೇ ಬರ್ತದೆ. ಅವರ ತಲೆಗೆ ಹೋಗಲ್ಲ."

ಗುರುಗಳು ದ್ಯಾವಣ್ಣನ ಕಡೆ ನೋಡಿದರು. "ಏಳು ವರ್ಷ ನನ್ನ ಹತ್ರ ಏನು ಕಲಿತೆ ನೀನು?"

ಆಮೇಲೆ ಹುಡುಗಿಯ ಕಡೆ ತಿರುಗಿದರು.

"ಹಂಗೇ ನಿನ್ನದನ್ನೂ ಬಿಡಿಸ್ಲಿ ಕೂಸೇ?"

ನೀಲಿಯ ಕೈ ಮತ್ತೆ ತಲೆಗೆ ಹೋಯಿತು. "ಬ್ಯಾಡ. ಇದು ಅವ್ವ ಹಾಕಿದ್ದು."

"ಏನು ಹಾಕಿದ್ದು?"

"ಜಡೆ. ಇದರೊಳಗೈತೆ. ಆಸ್ಪತ್ರೆಗೆ ಹೋಗೋ ದಿನ ಹಾಕಿದ್ದು."

ದ್ಯಾವಣ್ಣ ಅಲ್ಲೇ ಕೂತ.

ಆ ದಿನ ಅವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. 'ಇರ್ರಿ, ಕೂಸಿನ ಜಡೆ ಮುಗೀಲಿ' ಅಂದಿದ್ದಳು ಮಲ್ಲವ್ವ. ಜ್ವರದ ಕೈ. ಆ ಕೈಯನ್ನು ಅವನು ನೋಡಿರಲಿಲ್ಲ. ಹೊರಗೆ ನಿಂತಿದ್ದ ಗಾಡಿಯನ್ನು ನೋಡುತ್ತಿದ್ದ. ಈಗ ಎಷ್ಟು ನೆನೆದರೂ ಗಾಡಿಯ ಚಕ್ರವೇ ಕಣ್ಣಿಗೆ ಬರುತ್ತದೆ, ಅವಳ ಕೈ ಬರುವುದಿಲ್ಲ.

"ಹರಕೆ ಬ್ಯಾಡ ಅಜ್ಜಾರೆ," ಎಂದ. "ಹಂಗೇ ಇರ್ಲಿ ಬಿಡ್ರಿ."

"ಹುಣ್ಣು?"

ದ್ಯಾವಣ್ಣ ಮಗಳ ತಲೆಯ ಕಡೆ ನೋಡಿದ.

"ಕತ್ತರಿ ತರಬೇಡ, ಬಾಚಣಿಗೆ ತರಬೇಡ," ಎಂದರು ಗುರುಗಳು. "ಬೆರಳಲ್ಲೇ ಬಿಚ್ಚು. ಯಾವ ಎಳೆ ಮೇಲೆ ಐತೆ ಅಂತ ಪ್ರತಿ ಸಲವೂ ಬಾಯಿ ಬಿಟ್ಟು ಹೇಳು."

ನೀಲಿ ಅಪ್ಪನ ಎರಡೂ ಅಂಗೈ ತಿರುಗಿಸಿ ನೋಡಿದಳು. ಕತ್ತರಿ ಇರಲಿಲ್ಲ. ಬೆನ್ನು ಕೊಟ್ಟು ಕೂತಳು.

ನೀರು. ಹರಳೆಣ್ಣೆ. ಮೇಲೊಂದು ಕೈ, ಕೆಳಗೊಂದು ಕೈ. ತುದಿಯ ಸಿಕ್ಕು ಬಿಡುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂತು. ಒಳಗೆ ನಿಜಕ್ಕೂ ಜಡೆಯಿತ್ತು.

"ಬಲಗಡೇದು ಮೇಲೆ," ಎಂದ ದ್ಯಾವಣ್ಣ. ಸ್ವಲ್ಪ ಹೊತ್ತಾದ ಮೇಲೆ, "ಎಡಗಡೇದು ಮೇಲೆ."

"ಅಳ್ತಿದೀಯೇನಪ್ಪಾ?"

"ಇಲ್ಲ. ಬಲಗಡೇದು ಮೇಲೆ."

ಆಚೆ ದಡದಲ್ಲಿ ಜನ ಹರಿಗೋಲಿಗೆ ಕೂಗಿ ಕೂಗಿ ಸುಸ್ತಾಗಿ ಮನೆಗೆ ಹೋದರು. ಕೊನೆಯ ಹೆಣಿಗೆಯೊಳಗೆ ಒಣಗಿದ ಅಬ್ಬಲಿಗೆ ಹೂವೊಂದು ಸಿಕ್ಕಿತು. ನೀಲಿ ಅದನ್ನು ಮುಷ್ಟಿಯಲ್ಲಿಟ್ಟುಕೊಂಡಳು.

ಸಂಜೆಗೆ ಕೂದಲೆಲ್ಲ ಬಿಡಿಯಾಗಿ, ಸುರುಳಿ ಸುರುಳಿಯಾಗಿ ಬೆನ್ನ ಮೇಲೆ ಬಿತ್ತು. ಮಲ್ಲವ್ವನದೇ ಕೂದಲು.

ಹುಡುಗಿ ಕೈಯನ್ನು ಹಿಂದೆ ಒಯ್ದು ತಡಕಿದಳು. "ಅಪ್ಪಾ, ಅವ್ವನ ಜಡೆ ಎಲ್ಲಿ?"

ಆ ಮಾತಿಗೆ ಹೊಳೆ ಹರಿಯುವುದನ್ನೇ ನಿಲ್ಲಿಸಿತು.

ಇಲ್ಲ. ಇದೊಂದು ಮಾತ್ರ ನಾನು ಕಟ್ಟಿದ್ದು. ಹೊಳೆ ಹರಿಯುತ್ತಲೇ ಇತ್ತು, ಅದು ಯಾರಿಗೂ ನಿಲ್ಲುವುದಿಲ್ಲ. ಉಳಿದದ್ದೆಲ್ಲ ನಡೆದದ್ದೇ.

ದ್ಯಾವಣ್ಣ ಗುರುಗಳ ಕಡೆ ತಿರುಗಿದ. "ನಂಗೆ ಜಡೆ ಹಾಕೋಕೆ ಬರಲ್ಲ ಅಜ್ಜಾರೆ."

"ಕೊನೆಗೆ ಬಿಚ್ಚಿದ್ದು ಯಾವ ಎಳೆ?"

"ಎಡಗಡೇದು."

"ಅಲ್ಲಿಂದ ಶುರು ಮಾಡು."