ಎಲೆಗಾಗಿ ಕಾದ ಬಳೆಗಾರ್ತಿ

ಶಿಷ್ಯ ಕೇಳಿದ: "ಗುರುಗಳೇ, ಇಸ್ಪೀಟಿನ ಮಾತೆತ್ತಿದೆನೆಂದು ಸಿಟ್ಟಾಗಬೇಡಿ. ನೂರಾರು ಮಂದಿ ಆಡುವ ಪಂದ್ಯಕ್ಕೆ ಅದೃಷ್ಟ ಬೇಕು. ಆದರೆ ನಾಲ್ಕೇ ಮಂದಿ ಕೂತು, ಕೊನೆಗೆ ಉಳಿದವನೇ ಗೆದ್ದ ಎಂದಾದರೆ, ಒಳ್ಳೆಯ ಎಲೆ ಬರುವ ತನಕ ಸುಮ್ಮನೆ ಕಾಯುವುದೇ ಜಾಣತನ ಅಲ್ಲವೇ?"

"ನೀನು ಆಡುತ್ತೀಯಾ?"

"ದೀಪಾವಳಿಗೆ ಮಾತ್ರ."

"ನಿನಗೆ ವರ್ಷಕ್ಕೆ ಎಷ್ಟು ದೀಪಾವಳಿಯೋ!" ಎಂದು ಗುರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಬಳೆಗಾರ್ತಿಗೆ ಒಬ್ಬಳೇ ಮಗಳು. ಅವಳು ಜ್ವರದಲ್ಲಿ ತೀರಿಕೊಂಡಳು. ಊರಾಚೆಯ ಹಾಳು ಛತ್ರದಲ್ಲಿ ಅಮಾವಾಸ್ಯೆಯ ಮಧ್ಯಾಹ್ನ ಮೂರೆಲೆ ಆಟ ನಡೆಯುತ್ತದೆ, ಗೆದ್ದವರಿಗೆ ಅವರ ಸತ್ತವರು ಹಿಂದಿರುಗುತ್ತಾರೆ ಎಂದು ಯಾರೋ ಹೇಳಿದರು. ಅವಳು ಹೋದಳು.

ಅಲ್ಲಿ ಒಬ್ಬ ರೈತ, ಒಬ್ಬ ಸಿಪಾಯಿ, ಒಬ್ಬ ವರ್ತಕ ಮೊದಲೇ ಕೂತಿದ್ದರು. ಅವರೂ ತಮ್ಮವರನ್ನು ಕಳೆದುಕೊಂಡವರೇ. ನಡುವೆ ಕೆಂಡ ತುಂಬಿದ ಅಗ್ಗಿಷ್ಟಿಕೆ. ಛತ್ರದ ಯಜಮಾನ ಪ್ರತಿಯೊಬ್ಬರ ಮುಂದೆ ಒಂದು ರಾಶಿ ಹುಣಸೆ ಬೀಜ ಸುರಿದ.

"ಒಂದೊಂದು ಬೀಜವೂ ನಿಮ್ಮ ಸತ್ತವರ ಒಂದೊಂದು ನೆನಪು," ಎಂದ ಅವನು. "ಪಣಕ್ಕಿಟ್ಟದ್ದು ಗೆದ್ದವರ ಪಾಲು. ಆದರೆ ಪ್ರತಿ ಆಟಕ್ಕೂ ಮುಂಚೆ, ಸರದಿ ಬಂದವರು ಎಲೆ ನೋಡದೆ ಒಂದು ಬೀಜವನ್ನು ಬೆಂಕಿಗೆ ಹಾಕಬೇಕು. ಅದು ಮತ್ತೆ ಯಾರಿಗೂ ಸಿಗುವುದಿಲ್ಲ. ಬೀಜ ಮುಗಿದವರು ಎದ್ದು ಹೋಗಬೇಕು."

ಬಳೆಗಾರ್ತಿ ಯೋಚಿಸಿದಳು. ನಾಲ್ಕು ಆಟಕ್ಕೆ ಒಂದು ಬೀಜ. ಹೆತ್ತವಳಿಗೆ ನೆನಪಿಗೇನು ಬರ? ಇವರೆಲ್ಲ ಹೊಡೆದಾಡಿ ಹೋಗಲಿ, ನಾನು ಕಾಯುತ್ತೇನೆ. ಬಂದ ಎಲೆಗಳನ್ನೆಲ್ಲ ಪಣ ಕಟ್ಟದೆ ಮಡಚಿಟ್ಟಳು. ಅವಳ ಮೊದಲ ಬೀಜ ಬೆಂಕಿಯಲ್ಲಿ ಚಟ್ಟೆಂದು ಸಿಡಿಯಿತು. ಏನನ್ನೋ ಮರೆತಂತಾಯಿತು. ಏನನ್ನು ಎಂದು ಹೊಳೆಯಲಿಲ್ಲ.

ರೈತ ತನ್ನ ರಾಶಿಯನ್ನೆಲ್ಲ ಒಂದೇ ಆಟಕ್ಕಿಟ್ಟು ಸಿಪಾಯಿಗೆ ಸೋತ. ಎದ್ದು ಪಂಚೆ ಕೊಡವಿಕೊಂಡು, "ನೆರಳಿಗೆ ಅಂತ ಬಂದಿದ್ದೆ, ಹೊತ್ತಾಯಿತು," ಎಂದು ಹೊರಟ. ಯಾರೂ ನಗಲಿಲ್ಲ.

ಸಿಪಾಯಿ ವರ್ತಕನಿಗೆ ಸೋತ. ಬಾಗಿಲಲ್ಲಿ ನಿಂತು ಕೆನ್ನೆ ಮುಟ್ಟಿ ನೋಡಿಕೊಂಡು, "ನನ್ನ ಕಣ್ಣಲ್ಲಿ ಯಾಕೆ ನೀರು ಬರ್ತಿದೆ?" ಎಂದು ಕೇಳಿದ. ಉತ್ತರಕ್ಕೆ ಕಾಯದೆ ಹೋದ.

ಇಬ್ಬರೇ ಉಳಿದರು. ಈಗ ಬೆಂಕಿಯ ಸರದಿ ಆಟ ಬಿಟ್ಟು ಆಟಕ್ಕೆ ಬರತೊಡಗಿತು. ಬಳೆಗಾರ್ತಿ ಮಾತ್ರ ಮೊದಲಿನಂತೆಯೇ ಮಡಚುತ್ತಿದ್ದಳು. ಮಗಳ ನಗು ಹೋಯಿತು. ನಿದ್ದೆಗಣ್ಣಿನ ಮಾತು ಹೋಯಿತು. ಹೆಸರು ಹೋಯಿತು.

ವರ್ತಕ ಕೆಣಕಿದ: "ಏನಕ್ಕಾ, ಎಲೆ ಹಣ್ಣಾಗಲಿ ಅಂತ ಕಾಯ್ತಿದ್ದೀಯಾ? ಒಂದು ಸಲನಾದರೂ ಆಡು."

"ಕಾಯೋದು ನನಗೆ ಗೊತ್ತಣ್ಣ. ನಿನ್ನ ಎಲೆ ನೀನು ನೋಡ್ಕೋ."

ಅವಳ ಮುಂದೆ ಒಂದೇ ಬೀಜ ಉಳಿಯಿತು. ಸರದಿಯೂ ಅವಳದೇ. ಅದನ್ನೂ ಬೆಂಕಿಗೆ ಹಾಕಿದಳು. "ಸುಟ್ಟದ್ದೇ ಅವಳ ಪಣ. ಈ ಆಟ ಅವಳಿಗೆ ಉಂಟು," ಎಂದ ಯಜಮಾನ. ವರ್ತಕನಿಗೆ ಬೇಸರ ಬಂದಿತ್ತು. ಎಲೆ ನೋಡದೆಯೇ ತನ್ನ ರಾಶಿಯನ್ನೆಲ್ಲ ಮುಂದಕ್ಕೆ ತಳ್ಳಿದ.

ಬಳೆಗಾರ್ತಿ ಎಲೆ ತಿರುಗಿಸಿದಳು. ಮೂರು ಎಕ್ಕ. ಆ ಆಟದಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ವರ್ತಕ ಸಿಳ್ಳೆ ಹಾಕುತ್ತ ಹೊರಟುಹೋದ. ಬೀಜದ ರಾಶಿ ಅವಳ ಮಡಿಲಿಗೆ ಬಂತು. ರೈತನ ಹೆಂಡತಿ ಕೆಮ್ಮುವ ಬಗೆ, ಸಿಪಾಯಿಯ ತಮ್ಮ ಈಜಲು ಬಾವಿಗೆ ಹಾರುವ ಬಗೆ, ಎಲ್ಲ ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

ಒಳಬಾಗಿಲು ತೆರೆಯಿತು. ಒಬ್ಬಳು ಪುಟ್ಟ ಹುಡುಗಿ ಓಡಿಬಂದು ಎರಡೂ ಕೈ ಚಾಚಿದಳು.

ಬಳೆಗಾರ್ತಿ ಆ ಕೈಗಳನ್ನು ಹಿಡಿದು, ಗೆಣ್ಣು ಒತ್ತಿ ಅಳತೆ ನೋಡಿದಳು.

"ಯಾರ ಮಗಳಮ್ಮ ನೀನು? ಬಳೆ ತೊಡಿಸೋಕೆ ನಿಮ್ಮಮ್ಮ ಬರಲಿಲ್ವಾ?"

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಕೊನೆಯ ತನಕ ಉಳಿದಳು, ಗೆದ್ದಳು. ಹಾಗಾದರೆ ಅವಳು ತಪ್ಪಾಗಿ ಆಡಿದ್ದು ಎಲ್ಲಿ, ಗುರುಗಳೇ?"

ಗುರು ಹೇಳಿದರು: "ತಪ್ಪಾಗಿ ಆಡಲು, ಅವಳು ಆಡಿದ್ದಾದರೂ ಎಲ್ಲಿ?"